ರೋಬಾಟ್: ಬಿಟ್ಟಿ ಆಳಿನ ಹೆಸರು ಹೊತ್ತ ಯಂತ್ರ

‘ರೋಬಾಟ್’ ಎಂದೊಡನೆ ನಿಮ್ಮ ಕಣ್ಣೆದುರು ಏನು ಬಂದು ನಿಲ್ಲುತ್ತದೆ? ತಗಡಿನ ಮೈ, ಬಲ್ಬಿನ ಕಣ್ಣು, ನಡೆದರೆ ಕಿರುಗುಟ್ಟುವ ಮಂಡಿ, ಮೂಗಿನಲ್ಲಿ ಮಾತಾಡಿದಂಥ ದನಿ. ಮಕ್ಕಳ ಚಿತ್ರಕಥೆಗಳಲ್ಲೂ ಸಿನಿಮಾಗಳಲ್ಲೂ ಕಂಡು ಕಂಡು ನಮಗೆ ಅದೊಂದು ಪಡಿಯಚ್ಚಾಗಿ ಹೋಗಿದೆ. ಕನ್ನಡದಲ್ಲಿ ಅದಕ್ಕೆ ‘ಯಂತ್ರಮಾನವ’ ಎಂಬ ಭರ್ಜರಿ ಹೆಸರನ್ನೂ ಇಟ್ಟುಕೊಂಡಿದ್ದೇವೆ.

ಆದರೆ ಸ್ವಾರಸ್ಯ ನೋಡಿ. ಈ ಪದ ಲೋಕಕ್ಕೆ ಬಂದಾಗ ಅದು ಹೆಸರಿಸಿದ ಜೀವಿಯ ಮೈಯಲ್ಲಿ ಯಂತ್ರದ ಒಂದು ತಿರುಪೂ ಇರಲಿಲ್ಲ. ನಲವತ್ತು ವರ್ಷಗಳ ನಂತರ ಅದೇ ಹೆಸರಿನ ಸಾಧನವೊಂದು ಕಾರ್ಖಾನೆಯಲ್ಲಿ ದುಡಿಯಲು ನಿಂತಾಗ ಅದರಲ್ಲಿ ಮನುಷ್ಯನ ಹೋಲಿಕೆ ಎಳ್ಳಷ್ಟೂ ಇರಲಿಲ್ಲ. ಅಲ್ಲಿ ಯಂತ್ರವಿಲ್ಲ, ಇಲ್ಲಿ ಮಾನವನಿಲ್ಲ. ಹಾಗಾದರೆ ಈ ‘ಯಂತ್ರಮಾನವ’ ಯಾರು? ಹೆಸರಿನ ಜಾಡು ಹಿಡಿದು ಹೊರಟರೆ ನಾವು ಹೋಗಿ ತಲಪುವುದು ಒಬ್ಬ ಜಮೀನುದಾರನ ಹೊಲದ ಬದುವಿಗೆ. ಅಲ್ಲಿ ಕೂಲಿಯಿಲ್ಲದೆ ಬೆನ್ನು ಬಾಗಿಸಿ ದುಡಿಯುತ್ತಿರುವ ರೈತನೇ ಜಗತ್ತಿನ ಎಲ್ಲ ರೋಬಾಟ್‌ಗಳ ಮೂಲಪುರುಷ!

ಕುಂಚ ಕಚ್ಚಿದ ಬಾಯಿಂದ

ಕಾರೆಲ್ ಚಾಪೆಕ್ ಜೆಕ್ ಭಾಷೆಯ ದೊಡ್ಡ ಲೇಖಕ. 1890ರಲ್ಲಿ ಬೊಹೀಮಿಯಾದ ಒಂದು ಪುಟ್ಟ ಊರಿನಲ್ಲಿ ಹಳ್ಳಿ ವೈದ್ಯನೊಬ್ಬನ ಮಗನಾಗಿ ಹುಟ್ಟಿದವನು. ಓದಿದ್ದು ತತ್ವಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ಪತ್ರಿಕೋದ್ಯಮ. ಮೂರು ವರ್ಷಕ್ಕೆ ಹಿರಿಯನಾದ ಅಣ್ಣ ಯೋಸೆಫ್ ಚಿತ್ರಕಾರ, ಜೊತೆಗೆ ಬರಹಗಾರ ಕೂಡ. ಅಣ್ಣತಮ್ಮ ಇಬ್ಬರೂ ಸೇರಿಯೇ ಕೆಲವು ಕತೆ, ನಾಟಕಗಳನ್ನು ಬರೆದಿದ್ದುಂಟು.

1920ರ ಮಾತು. ಪ್ರಾಗ್ ನಗರದ ಹೊರವಲಯದಿಂದ ಬರುವ ಟ್ರಾಮಿನಲ್ಲಿ ಕಾರೆಲ್ ಪ್ರಯಾಣ ಮಾಡಿದ. ಗಾಡಿಯ ಒಳಗೂ ಮೆಟ್ಟಿಲ ಮೇಲೂ ಜನ ಕಿಕ್ಕಿರಿದಿದ್ದರು. ಗೊಣಗಾಟವಿಲ್ಲ, ಮುಖದಲ್ಲಿ ಭಾವವಿಲ್ಲ. ಮನುಷ್ಯರನ್ನು ಹೀಗೆ ಸರಕಿನಂತೆ ತುರುಕಬಹುದಾದರೆ, ದುಡಿಯುವ ಶಕ್ತಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಮನುಷ್ಯಗುಣವನ್ನು ಕಳೆದ ಜೀವಿಗಳನ್ನು ತಯಾರಿಸಿದರೆ ಹೇಗಿರುತ್ತದೆ? ನಾಟಕದ ಬೀಜ ಅಲ್ಲಿ ಸಿಕ್ಕಿತು.

ಬೀಜವೇನೋ ಸಿಕ್ಕಿತು, ಹೆಸರು ಸಿಗಲಿಲ್ಲ. ಮುಂದಿನ ಪ್ರಸಂಗವನ್ನು ಕಾರೆಲ್ ತಾನೇ 1933ರ ಡಿಸೆಂಬರಿನಲ್ಲಿ ‘ಲಿದೊವೆ ನೊವಿನಿ’ ಎಂಬ ಪತ್ರಿಕೆಯಲ್ಲಿ ಬರೆದಿದ್ದಾನೆ. ವಿಷಯ ಹೊಳೆದ ಬಿಸಿಯಲ್ಲೇ ಆತ ಅಣ್ಣನ ಬಳಿಗೆ ಓಡಿದ. ಯೋಸೆಫ್ ಬಣ್ಣದ ಕೆಲಸದಲ್ಲಿ ಮುಳುಗಿದ್ದ. ತಮ್ಮ ಕತೆ ಒಪ್ಪಿಸಿದ. ಕೃತಕ ಕೆಲಸಗಾರರನ್ನು ಏನೆಂದು ಕರೆಯಲಿ, ಲ್ಯಾಟಿನ್ ಮೂಲದಿಂದ ‘ಲಾಬೊರಿ’ ಅನ್ನಬಹುದು, ಆದರೆ ಅದು ತೀರ ಪುಸ್ತಕದ ಮಾತಾಯಿತು ಎಂದು ಪೇಚಾಡಿದ. ಅಣ್ಣ ಚಿತ್ರದಿಂದ ಕಣ್ಣು ಕೀಳಲಿಲ್ಲ, ಬಾಯಲ್ಲಿ ಕಚ್ಚಿದ್ದ ಕುಂಚವನ್ನೂ ತೆಗೆಯಲಿಲ್ಲ. ಹಾಗಾದರೆ ರೋಬಾಟ್ ಅನ್ನು ಎಂದು ಗೊಣಗಿ ತನ್ನ ಪಾಡಿಗೆ ಬಣ್ಣ ಬಳಿಯುವುದನ್ನು ಮುಂದುವರಿಸಿದ.

ಅಷ್ಟೆ! ಇಂದು ಜಗತ್ತಿನ ಬಹುತೇಕ ಎಲ್ಲ ಭಾಷೆಗಳೂ ಬಳಸುವ ಶಬ್ದವೊಂದು ಹುಟ್ಟಿದ್ದು ಹೀಗೆ, ಅರೆಬರೆ ಲಕ್ಷ್ಯದಲ್ಲಿ. ಹೆಸರಿನ ಶ್ರೇಯಸ್ಸು ನನ್ನದಲ್ಲ, ಅಣ್ಣನದು ಎಂದು ಕಾರೆಲ್ ಪ್ರಾಮಾಣಿಕವಾಗಿ ದಾಖಲಿಸಿದ.

ವಾರಕ್ಕೆ ಮೂರು ದಿನ

ಯೋಸೆಫ್ ಈ ಶಬ್ದವನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಜೆಕ್ ಭಾಷೆಯಲ್ಲಿ ‘ರೊಬೊತ’ ಎಂಬ ಹಳೆಯ ಮಾತಿದೆ. ಅದರ ಅರ್ಥ ಒಡೆಯನ ಜಮೀನಿನಲ್ಲಿ ರೈತ ಕಡ್ಡಾಯವಾಗಿ ಮಾಡಬೇಕಾಗಿದ್ದ ಬಿಟ್ಟಿ ದುಡಿಮೆ. ನೆಲ ಒಡೆಯನದು, ರೈತ ಅಲ್ಲಿ ಬಾಳುವ ಹಕ್ಕಿಗೆ ಬೆಲೆಯಾಗಿ ತನ್ನ ರಟ್ಟೆ ಕೊಡಬೇಕು, ಎತ್ತು ಕುದುರೆಗಳಿದ್ದರೆ ಅವುಗಳ ರಟ್ಟೆಯನ್ನೂ ಕೊಡಬೇಕು. ತನ್ನ ಹೊಲದಲ್ಲಿ ಪೈರು ಒಣಗುತ್ತಿದ್ದರೂ ಸರಿಯೇ, ಕರೆ ಬಂದ ದಿನ ಒಡೆಯನ ಹೊಲಕ್ಕೆ ಹೋಗಲೇಬೇಕು.

ಈ ಶೋಷಣೆ ಬೊಹೀಮಿಯಾದಲ್ಲಿ ಎಷ್ಟು ಮಿತಿಮೀರಿತೆಂದರೆ 1775ರಲ್ಲಿ ರೈತರು ದಂಗೆ ಎದ್ದರು. ಅದೇ ವರ್ಷ ಸಾಮ್ರಾಜ್ಞಿ ಮರಿಯಾ ತೆರೇಸಾ ಒಂದು ಆಜ್ಞೆ ಹೊರಡಿಸಿ ರೊಬೊತವನ್ನು ವಾರಕ್ಕೆ ಹೆಚ್ಚೆಂದರೆ ಮೂರು ದಿನ ಎಂದು ನಿಗದಿ ಮಾಡಿದಳು. ಗಮನಿಸಿ, ಇದು ಸುಧಾರಣೆ! ವಾರದ ಅರ್ಧದಷ್ಟು ದಿನ ಪುಕ್ಕಟೆ ದುಡಿಸಿಕೊಳ್ಳುವುದೇ ಅಂದಿನ ಲೆಕ್ಕಕ್ಕೆ ಉದಾರತೆ. ಆಕೆಯ ಮಗ ಎರಡನೆಯ ಜೋಸೆಫ್ 1781ರಲ್ಲಿ ರೈತರಿಗೆ ಒಡೆಯನ ಅಪ್ಪಣೆಯಿಲ್ಲದೆ ಮದುವೆಯಾಗುವ, ಊರು ಬಿಡುವ ಸ್ವಾತಂತ್ರ್ಯ ಕೊಟ್ಟರೂ ರೊಬೊತ ಉಳಿದೇ ಇತ್ತು. ಅದು ಕಾನೂನಿನಿಂದ ತೊಲಗಿದ್ದು 1848ರಲ್ಲಿ, ಯೂರೋಪನ್ನೆಲ್ಲ ನಡುಗಿಸಿದ ಕ್ರಾಂತಿಯ ವರ್ಷದಲ್ಲಿ. ಅಂದರೆ ಚಾಪೆಕ್ ಸಹೋದರರ ಅಜ್ಜ-ಅಜ್ಜಿಯರ ತಲೆಮಾರು ಕಣ್ಣಾರೆ ಕಂಡ ಕಷ್ಟ ಅದು. 1921ರಲ್ಲಿ ಪ್ರಾಗ್ ನಗರದ ಪ್ರೇಕ್ಷಕನಿಗೆ ‘ರೋಬಾಟ್’ ಎಂಬ ಹೆಸರಿನಲ್ಲಿ ವಿಜ್ಞಾನದ ವಾಸನೆ ಬರಲಿಲ್ಲ. ಬೆವರಿನ ವಾಸನೆ ಬಂದಿತು.

ಈ ಮಾತಿನ ಬಂಧುಬಳಗವೂ ದೊಡ್ಡದು. ರಷ್ಯನ್ ಭಾಷೆಯಲ್ಲಿ ‘ರಬೋತ’ ಎಂದರೆ ಕೆಲಸ, ‘ರಾಬ್’ ಎಂದರೆ ಗುಲಾಮ. ಜರ್ಮನ್ನರ ‘ಆರ್ಬೈಟ್’ ಎಂದರೆ ದುಡಿಮೆ. ಅದೂ ಇದೇ ಬೇರಿನದು. ಗ್ರೀಕ್ ಭಾಷೆಯಲ್ಲಿ ಅನಾಥನಿಗಿರುವ ‘ಓರ್ಫನೋಸ್’ ಎಂಬ ಹೆಸರೂ, ಅದರಿಂದ ಬಂದ ಇಂಗ್ಲಿಷಿನ ‘ಆರ್ಫನ್’ ಕೂಡ ಈ ಕುಲಕ್ಕೆ ಸೇರಿದವೇ. ಹೆತ್ತವರನ್ನು ಕಳೆದುಕೊಂಡು ಇನ್ನೊಬ್ಬರ ಅಧೀನಕ್ಕೆ ಬಿದ್ದವನು ಅನಾಥ; ಇನ್ನೊಬ್ಬರ ಮನೆಯಲ್ಲಿ ಬದುಕುವ ಅನಾಥನ ಪಾಲಿಗೆ ಬರುವುದು ದುಡಿಮೆ. ಅರ್ಥ ಹೀಗೆ ಹೊರಳಿತು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಸಂಸ್ಕೃತದ ‘ಅರ್ಭ’, ಅಂದರೆ ಎಳೆಯ, ಚಿಕ್ಕ ಎಂಬ ಮಾತನ್ನೂ ಇದೇ ಬೇರಿಗೆ ಸೇರಿಸುವವರಿದ್ದಾರೆ. ನಾವು ಕನ್ನಡದಲ್ಲಿ ಕೂಸಿಗೆ ಅನ್ನುವ ‘ಅರ್ಭಕ’ ಶಬ್ದ ಹುಟ್ಟಿದ್ದು ಅದರಿಂದಲೇ. ಅರ್ಭಕನೂ ರೋಬಾಟೂ ದೂರದ ದಾಯಾದಿಗಳು!

ನಮ್ಮ ‘ಬಿಟ್ಟಿ’ಯ ಕತೆ

ದೂರದ ಸಂಬಂಧ ಹಾಗಿರಲಿ. ಅರ್ಥದ ಮಟ್ಟಿಗೆ ರೊಬೊತಕ್ಕೆ ಸರಿಜೋಡಿಯಾದ ಪದ ನಮ್ಮಲ್ಲೇ ಇದೆ. ಅದು ‘ಬಿಟ್ಟಿ’. ಸಂಸ್ಕೃತದ ‘ವಿಷ್ಟಿ’ಯ ತದ್ಭವ. ದೊರೆಗೋ ಊರೊಡೆಯನಿಗೋ ಕೂಲಿಯಿಲ್ಲದೆ ಮಾಡಬೇಕಾದ ಕಡ್ಡಾಯದ ಕೆಲಸವೇ ವಿಷ್ಟಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದರ ಪ್ರಸ್ತಾಪವಿದೆ, ಕನ್ನಡ ಶಾಸನಗಳಲ್ಲೂ ಬಿಟ್ಟಿಯ ಮಾತು ಬರುತ್ತದೆ. ಮುಂದೆ ಪಾರಸಿಯಿಂದ ಬಂದ ‘ಬೇಗಾರಿ’ ಅದಕ್ಕೆ ಜೊತೆಯಾಗಿ ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯೇ ಹುಟ್ಟಿತು. ನಮ್ಮ ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವುದು ಹೆಸರೆತ್ತಿ ಈ ಬೇಗಾರಿಯನ್ನೇ. ಜೀತಪದ್ಧತಿಯನ್ನು ರದ್ದುಮಾಡುವ ಕಾನೂನು ಬಂದದ್ದು 1976ರಲ್ಲಿ.

ಈಗ ‘ಬಿಟ್ಟಿ’ ಎಂಬ ಮಾತಿಗೆ ಏನಾಗಿದೆ ನೋಡಿ. ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಪುಕ್ಕಟೆ ಲಾಭ. ದುಡಿದವನ ನೋವು ಆ ಶಬ್ದದಿಂದ ಸೋರಿಹೋಗಿ, ಪಡೆದವನ ಸುಖ ಮಾತ್ರ ಉಳಿದುಕೊಂಡಿದೆ. ‘ರೋಬಾಟ್’ ಪದಕ್ಕೂ ಆದದ್ದು ಇದೇ. ಭಾಷೆಗೂ ಮರೆವಿನ ರೋಗವಿದೆ. ಅದು ಸಾಮಾನ್ಯವಾಗಿ ಒಡೆಯನಿಗೆ ಅನುಕೂಲವಾಗುವಂತೆಯೇ ಮರೆಯುತ್ತದೆ.

ತಗಡಿಲ್ಲದ ರೋಬಾಟ್

ನಾಟಕದ ಹೆಸರು ‘ಆರ್.ಯು.ಆರ್.’ ಅಂದರೆ ರೋಸುಮ್ ಕಂಪೆನಿಯ ಸಾರ್ವತ್ರಿಕ ರೋಬಾಟ್‌ಗಳು. ಪುಸ್ತಕವಾಗಿ ಹೊರಬಂದದ್ದು 1920ರಲ್ಲಿ. 1921ರ ಜನವರಿ 25ರಂದು ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಅದು ಪ್ರದರ್ಶನಗೊಂಡಿತು. ‘ರೋಸುಮ್’ ಎಂಬ ಮನೆತನದ ಹೆಸರಿನಲ್ಲೂ ಶ್ಲೇಷೆಯಿದೆ. ಜೆಕ್ ಭಾಷೆಯಲ್ಲಿ ‘ರೊಝುಮ್’ ಎಂದರೆ ಬುದ್ಧಿ. ಬುದ್ಧಿವಂತ ಮಹಾಶಯನ ಬಿಟ್ಟಿ ಆಳುಗಳು ಎಂಬುದು ಶೀರ್ಷಿಕೆಯ ಒಳಗುಟ್ಟು.

ಕತೆ ನಡೆಯುವುದು ಒಂದು ದ್ವೀಪದ ಕಾರ್ಖಾನೆಯಲ್ಲಿ. ಮುದುಕ ರೋಸುಮ್ ಜೀವದ್ರವ್ಯದ ಹಾಗೆ ವರ್ತಿಸುವ ವಸ್ತುವೊಂದನ್ನು ಕಂಡುಹಿಡಿದು, ದೇವರಿಲ್ಲದೆಯೂ ಮನುಷ್ಯನನ್ನು ಮಾಡಬಹುದೆಂದು ತೋರಿಸಲು ಹೆಣಗುತ್ತಾನೆ. ಕಿರಿಯ ರೋಸುಮ್ ಎಂಜಿನಿಯರ್. ಅವನ ಲೆಕ್ಕವೇ ಬೇರೆ. ಮನುಷ್ಯನಿಗೆ ಪಿಟೀಲು ಬಾರಿಸುವ ಆಸೆ, ತಿರುಗಾಡುವ ಆಸೆ. ಕೆಲಸಗಾರನಿಗೆ ಇವೆಲ್ಲ ಯಾಕೆ ಬೇಕು? ಬೇಡದ್ದನ್ನು ಕಿತ್ತುಹಾಕಿ ಅಗ್ಗದ ಕೆಲಸಗಾರನನ್ನು ಆತ ವಿನ್ಯಾಸ ಮಾಡುತ್ತಾನೆ. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಕಣಕ ಕಲಸಿದಂತೆ ಈಲಿ, ಮಿದುಳುಗಳ ದ್ರವ್ಯ ಕಲಸುತ್ತಾರೆ. ನೂಲಿನ ಗಿರಣಿಯಂಥ ಜಾಗದಲ್ಲಿ ನರಗಳನ್ನು ನೂಲುತ್ತಾರೆ. ಚಾಪೆಕ್‌ನ ರೋಬಾಟ್ ರಕ್ತಮಾಂಸದ್ದು. ಪಕ್ಕದಲ್ಲಿ ನಿಂತರೆ ಮನುಷ್ಯನಲ್ಲವೆಂದು ಹೇಳುವುದೇ ಕಷ್ಟ. ಆದರೆ ಅದಕ್ಕೆ ಆಸೆಯಿಲ್ಲ, ಸಾವಿನ ಭಯವಿಲ್ಲ, ಮಕ್ಕಳಾಗುವುದಿಲ್ಲ.

ಲೋಕವೆಲ್ಲ ರೋಬಾಟ್‌ಗಳನ್ನು ಕೊಳ್ಳುತ್ತದೆ. ಕೆಲಸ ಕಳೆದುಕೊಂಡ ಕಾರ್ಮಿಕರು ರೊಚ್ಚಿಗೇಳುತ್ತಾರೆ. ಅವರನ್ನು ಬಡಿಯಲು ರೋಬಾಟ್‌ಗಳ ಕೈಗೆ ಆಯುಧ ಕೊಡಲಾಗುತ್ತದೆ. ಮನುಷ್ಯರಿಗೆ ಮಾಡಲು ಏನೂ ಉಳಿಯದೆ ಮಕ್ಕಳು ಹುಟ್ಟುವುದೇ ನಿಂತುಹೋಗುತ್ತದೆ. ಕೊನೆಗೆ ಆಳುಗಳೇ ತಿರುಗಿಬಿದ್ದು ಮನುಕುಲವನ್ನು ಮುಗಿಸುತ್ತವೆ. ಒಬ್ಬನನ್ನು ಮಾತ್ರ ಉಳಿಸುತ್ತವೆ: ಕಟ್ಟಡದ ಕೆಲಸ ನೋಡಿಕೊಳ್ಳುವ ಆಲ್ಕ್ವಿಸ್ಟ್‌ನನ್ನು. ಯಾಕೆ ಗೊತ್ತೆ? ಅವನೊಬ್ಬ ಇನ್ನೂ ತನ್ನ ಕೈಯಿಂದ ಕೆಲಸ ಮಾಡುತ್ತಿದ್ದ! ದುಡಿಯುವವರ ಕಣ್ಣಲ್ಲಿ ದುಡಿಯುವವನೊಬ್ಬನೇ ತಮ್ಮವನು. ನಾಟಕ ಮುಗಿಯುವುದು ಎರಡು ರೋಬಾಟ್‌ಗಳ ನಡುವೆ ಪ್ರೀತಿ ಚಿಗುರಿದಾಗ. ಹೊಸ ಆದಂ ಮತ್ತು ಈವ್ ಎಂದು ಆಲ್ಕ್ವಿಸ್ಟ್ ಅವರನ್ನು ಲೋಕಕ್ಕೆ ಕಳಿಸಿಕೊಡುತ್ತಾನೆ.

ಎದೆಯ ಮೇಲೆ ಮೂರಕ್ಷರ

ನಾಟಕ ಕಾಡುಗಿಚ್ಚಿನಂತೆ ಹಬ್ಬಿತು. 1922ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್, 1923ರಲ್ಲಿ ಲಂಡನ್. ಲಂಡನ್ನಿನಲ್ಲಿ ಅದರ ಅರ್ಥದ ಬಗ್ಗೆಯೇ ಸಾರ್ವಜನಿಕ ಚರ್ಚೆ ಏರ್ಪಟ್ಟು ಬರ್ನಾರ್ಡ್ ಷಾ, ಚೆಸ್ಟರ್‌ಟನ್‌ರಂಥ ಘಟಾನುಘಟಿಗಳು ಭಾಗವಹಿಸಿದರು. ಇಂಗ್ಲಿಷ್ ಅನುವಾದಕರು ‘ರೋಬಾಟ್’ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡದ್ದು ಅದರ ಭಾಗ್ಯವೆನ್ನಬೇಕು. ಅನುವಾದ ಮಾಡಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ‘ಸರ್ಫ್’ ಆಗಿಬಿಡುತ್ತಿತ್ತು. ಆದರೆ ಈ ಭಾಗ್ಯದ ಜೊತೆಗೇ ಒಂದು ದೌರ್ಭಾಗ್ಯವೂ ಬಂತು. ಜೆಕ್ ಗೊತ್ತಿಲ್ಲದವನ ಕಿವಿಯಲ್ಲಿ ಆ ಪದದಿಂದ ಬೆವರಿನ ಹನಿ ತೊಟ್ಟಿಕ್ಕಲಿಲ್ಲ. ಅವನಿಗೆ ಕೇಳಿಸಿದ್ದು ಲೋಹದ ಠಣ್ ಠಣ್ ಸದ್ದು.

1928ರಲ್ಲಿ ಲಂಡನ್ನಿನ ಮಾದರಿ ಯಂತ್ರಗಳ ಪ್ರದರ್ಶನವೊಂದಕ್ಕೆ ಉದ್ಘಾಟಕರಾಗಿ ರಾಜಮನೆತನದವರು ಬರಲಾಗಲಿಲ್ಲ. ಅವರ ಬದಲಿಗೆ ಅಲ್ಯೂಮಿನಿಯಂ ಮೈಯ ‘ಎರಿಕ್’ ಎಂಬ ಬೊಂಬೆ ಎದ್ದುನಿಂತು ಭಾಷಣ ಮಾಡಿತು. ಅದರ ಎದೆಯ ಮೇಲೆ ಆರ್.ಯು.ಆರ್. ಎಂಬ ಮೂರಕ್ಷರ! ನಾಟಕದ ರಕ್ತಮಾಂಸದ ಆಳು ಏಳೇ ವರ್ಷಗಳಲ್ಲಿ ಕವಚ ತೊಟ್ಟ ಕೀಲುಗೊಂಬೆಯಾಗಿದ್ದ. ತಾನಾಗಿ ಚಲಿಸುವ ಗೊಂಬೆಗಳ ಕಲ್ಪನೆ ಹೊಸದೇನಲ್ಲ. ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣಸೂತ್ರಧಾರ’ದಲ್ಲೇ ಯಂತ್ರಗಳಿಗೆ ಮೀಸಲಾದ ಅಧ್ಯಾಯವಿದೆ. ಜನ ಆ ಹಳೆಯ ಕೀಲುಗೊಂಬೆಗೆ ಈ ಹೊಸ ಹೆಸರನ್ನು ತೊಡಿಸಿಬಿಟ್ಟರು.

ಚಾಪೆಕ್‌ಗೆ ಇದರಿಂದ ಕಿರಿಕಿರಿಯಾಯಿತು. 1935ರಲ್ಲಿ ತನ್ನ ಪತ್ರಿಕೆಯಲ್ಲೇ ಲೇಖನ ಬರೆದು, ಹಲ್ಲುಚಕ್ರ, ತಂತಿ, ತಗಡುಗಳ ಬೊಂಬೆಗೂ ತನಗೂ ಸಂಬಂಧವಿಲ್ಲವೆಂದು ಸಾರಿದ. ಯಂತ್ರ ಮನುಷ್ಯನ ಜಾಗ ಹಿಡಿಯುತ್ತದೆಂಬುದು ತನ್ನ ಮಾತಲ್ಲ ಎಂದ. ಯಾರು ಕೇಳುತ್ತಾರೆ? ಪದ ಕೈಬಿಟ್ಟು ಹೋಗಿತ್ತು.

ಹೆಸರಿಟ್ಟವನ ಕೊನೆ

ಇಲ್ಲಿ ಸ್ವಲ್ಪ ನಿಂತು, ಪದವನ್ನು ಕೊಟ್ಟ ಅಣ್ಣತಮ್ಮಂದಿರಿಗೆ ಏನಾಯಿತೆಂದು ನೋಡಬೇಕು. ಇಬ್ಬರೂ ಹಿಟ್ಲರನ ಕಟ್ಟಾ ವಿರೋಧಿಗಳು. ಕಾರೆಲ್ 1938ರ ಡಿಸೆಂಬರ್ 25ರಂದು ಕಾಯಿಲೆಯಿಂದ ತೀರಿಕೊಂಡ. ಮೂರು ತಿಂಗಳ ಬಳಿಕ ಪ್ರಾಗ್ ನಾಜಿಗಳ ವಶವಾಯಿತು. ಸತ್ತದ್ದು ಗೊತ್ತಿಲ್ಲದೆ ಅವನನ್ನು ಹಿಡಿಯಲು ಗೆಸ್ಟಪೊ ಪೊಲೀಸರು ಮನೆಗೆ ಬಂದರು.

ಯೋಸೆಫ್ ಸಿಕ್ಕಿಬಿದ್ದ. ಮಹಾಯುದ್ಧ ಆರಂಭವಾದ ದಿನ, 1939ರ ಸೆಪ್ಟೆಂಬರ್ 1ರಂದೇ ಅವನ ಬಂಧನವಾಯಿತು. ಡಾಖಾವ್, ಬೂಖನ್‌ವಾಲ್ಟ್, ಜಾಕ್ಸನ್‌ಹೌಸನ್, ಕೊನೆಗೆ ಬೆರ್ಗೆನ್-ಬೆಲ್ಸೆನ್ ಹೀಗೆ ಐದೂವರೆ ವರ್ಷ ಶಿಬಿರದಿಂದ ಶಿಬಿರಕ್ಕೆ ಅವನನ್ನು ಸಾಗಿಸಿದರು. ಡಾಖಾವ್ ಮತ್ತು ಜಾಕ್ಸನ್‌ಹೌಸನ್‌ಗಳ ಕಬ್ಬಿಣದ ಗೇಟಿನಲ್ಲಿ ‘ಆರ್ಬೈಟ್ ಮಾಖ್ಟ್ ಫ್ರೈ’ ಎಂದು ಬರೆದಿತ್ತು. ಅಂದರೆ ದುಡಿಮೆ ಬಿಡುಗಡೆ ತರುತ್ತದೆ! ರೊಬೊತದ ಒಡಹುಟ್ಟು ಶಬ್ದವಾದ ಆ ‘ಆರ್ಬೈಟ್’ ಕೆಳಗೆ ಹಾದು, ಜಗತ್ತಿಗೆ ‘ರೋಬಾಟ್’ ಎಂಬ ಹೆಸರು ಕೊಟ್ಟವನು ಕೈದಿಯಾಗಿ ಒಳಹೋದ. 1945ರ ಏಪ್ರಿಲಿನಲ್ಲಿ, ಶಿಬಿರ ಬಿಡುಗಡೆಯಾಗುವ ಹೊತ್ತಿಗೆ, ಅವನು ಬೆರ್ಗೆನ್-ಬೆಲ್ಸೆನ್‌ನಲ್ಲಿ ಸತ್ತ. ಮನುಷ್ಯನಿಂದ ಮನುಷ್ಯತ್ವ ಕಿತ್ತು ಬರಿಯ ದುಡಿಮೆಯನ್ನು ಉಳಿಸಿಕೊಳ್ಳುವ ಕಾರ್ಖಾನೆ ನಾಟಕದ ದ್ವೀಪದಲ್ಲಿ ಮಾತ್ರ ಇರಲಿಲ್ಲ.

ಬಾಲ ಅಂಟಿಸಿದವನು

ಇನ್ನು ‘ರೋಬಾಟಿಕ್ಸ್’. ಈ ಪದದ ತಲೆ ಸ್ಲಾವ್, ಬಾಲ ಗ್ರೀಕ್. ಫಿಸಿಕ್ಸ್, ಮೆಕ್ಯಾನಿಕ್ಸ್, ಮ್ಯಾಥಮ್ಯಾಟಿಕ್ಸ್ ಮುಂತಾದ ಶಾಸ್ತ್ರಗಳ ಹೆಸರಿನ ಕೊನೆಗೆ ಇರುವ ಆ ‘ಇಕ್ಸ್’ ಗ್ರೀಕ್ ಮೂಲದ್ದು. ಅದನ್ನು ತಂದು ರೋಬಾಟ್‌ಗೆ ಅಂಟಿಸಿದವನು ಐಸಾಕ್ ಅಸಿಮೋವ್.

ಅಸಿಮೋವ್ ಹುಟ್ಟಿದ್ದು ರಷ್ಯಾದ ಪೆತ್ರೊವಿಚಿ ಎಂಬ ಊರಿನಲ್ಲಿ, 1920ರಲ್ಲಿ. ಚಾಪೆಕ್‌ನ ನಾಟಕ ಅಚ್ಚಾದ ವರ್ಷವೇ. ಮೂರು ವರ್ಷದ ಕೂಸಾಗಿ ತಂದೆತಾಯಿಯ ಜೊತೆ ಅಮೆರಿಕಕ್ಕೆ ಬಂದ. ತಂದೆ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ. ಅಲ್ಲಿ ಮಾರಾಟಕ್ಕಿದ್ದ ಅಗ್ಗದ ಪತ್ರಿಕೆಗಳಲ್ಲಿ ವಿಜ್ಞಾನಕತೆ ಓದುತ್ತ ಹುಡುಗ ಬೆಳೆದ. ಆ ಕತೆಗಳಲ್ಲೆಲ್ಲ ಒಂದೇ ರಾಗ: ಮನುಷ್ಯ ರೋಬಾಟ್ ಮಾಡುತ್ತಾನೆ, ರೋಬಾಟ್ ಮನುಷ್ಯನನ್ನು ಕೊಲ್ಲುತ್ತದೆ. ನಮ್ಮ ಭಸ್ಮಾಸುರನ ಕತೆಯೇ ಅನ್ನಿ. ಅಸಿಮೋವ್‌ಗೆ ಇದು ಬೇಸರ ತರಿಸಿತು. ಚಾಕುವಿಗೆ ಹಿಡಿ ಇರುತ್ತದೆ, ಮೆಟ್ಟಿಲಿಗೆ ಕೈಪಿಡಿ ಇರುತ್ತದೆ; ರೋಬಾಟ್ ಮಾಡುವ ಎಂಜಿನಿಯರ್ ಮಾತ್ರ ರಕ್ಷಣೆಯ ಏರ್ಪಾಡು ಮರೆಯುತ್ತಾನೆಯೆ?

1940ರ ಡಿಸೆಂಬರ್ 23ರಂದು ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಜೊತೆ ನಡೆದ ಮಾತುಕತೆಯಲ್ಲಿ ಈ ರಕ್ಷಣೆಗೆ ಮೂರು ನಿಯಮಗಳ ರೂಪ ಬಂತು. ಸಾರಾಂಶ ಇಷ್ಟು: ರೋಬಾಟ್ ಮನುಷ್ಯನಿಗೆ ಕೇಡು ಮಾಡಬಾರದು, ಕೇಡಾಗುವುದನ್ನು ನೋಡುತ್ತಲೂ ಸುಮ್ಮನಿರಬಾರದು, ಅದಕ್ಕೆ ಅಡ್ಡಿಯಾಗದಷ್ಟು ಮಟ್ಟಿಗೆ ಮನುಷ್ಯ ಹೇಳಿದ್ದನ್ನು ಕೇಳಬೇಕು, ಈ ಎರಡಕ್ಕೂ ಅಡ್ಡಿಯಾಗದಷ್ಟು ಮಟ್ಟಿಗೆ ತನ್ನನ್ನು ಕಾಪಾಡಿಕೊಳ್ಳಬೇಕು. ಈ ನಿಯಮಗಳು ಪೂರ್ಣರೂಪದಲ್ಲಿ ಬಂದದ್ದು 1942ರ ಮಾರ್ಚಿನ ‘ರನ್‌ಅರೌಂಡ್’ ಕತೆಯಲ್ಲಿ. ಆದರೆ ‘ರೋಬಾಟಿಕ್ಸ್’ ಪದ ಅದಕ್ಕೂ ಮುಂಚೆ, 1941ರ ಮೇ ತಿಂಗಳ ‘ಲಯರ್’ ಎಂಬ ಕತೆಯಲ್ಲೇ ನುಸುಳಿತ್ತು.

ತಮಾಷೆಯೆಂದರೆ ಹೊಸ ಪದ ಟಂಕಿಸುತ್ತಿದ್ದೇನೆಂಬ ಅರಿವೇ ಅಸಿಮೋವ್‌ಗೆ ಇರಲಿಲ್ಲ. ಇಂಥ ಶಾಸ್ತ್ರಕ್ಕೆ ಇಂಥ ಹೆಸರು ಇದ್ದೇ ಇರುತ್ತದೆಂದು ಸಹಜವಾಗಿ ಬರೆದುಕೊಂಡು ಹೋದ. ಎಷ್ಟೋ ಕಾಲದ ನಂತರ ನಿಘಂಟು ನೋಡಿದಾಗ ಪದದ ಅಪ್ಪ ತಾನೇ ಎಂದು ತಿಳಿಯಿತು! ಒಂದು ಪದವನ್ನು ಚಿತ್ರಕಾರ ಕುಂಚ ಕಚ್ಚಿಕೊಂಡು ಗೊಣಗಿದ. ಇನ್ನೊಂದನ್ನು ಕತೆಗಾರ ಗೊತ್ತಿಲ್ಲದೆಯೇ ಬರೆದ. ಶಾಸ್ತ್ರ ಹುಟ್ಟುವ ಮೊದಲೇ ಅದರ ನಾಮಕರಣ ಮುಗಿದಿತ್ತು. ಚಾಪೆಕ್‌ನ ನಾಟಕ ಅಸಿಮೋವ್‌ಗೆ ಹಿಡಿಸಿರಲಿಲ್ಲ; ಆ ಒಂದು ಪದಕ್ಕಾಗಿ ಮಾತ್ರ ಅದು ಅಮರ ಎಂಬುದು ಅವನ ತೀರ್ಪು.

ಎರಡು ಪದಗಳ ನಡುವಿನ ದೂರವನ್ನು ಗಮನಿಸಿ. ರೊಬೊತ ಎನ್ನುವುದು ದುಡಿಯುವವನ ಕಡೆಯಿಂದ ಬಂದ ಮಾತು. ರೋಬಾಟಿಕ್ಸ್ ಎನ್ನುವುದು ದುಡಿಸುವವನ ಕಡೆಯ ಶಾಸ್ತ್ರ. ಮೂರು ನಿಯಮಗಳನ್ನು ಇನ್ನೊಮ್ಮೆ ಓದಿ: ಒಡೆಯನಿಗೆ ಕೇಡು ಬಯಸಬೇಡ, ಹೇಳಿದಂತೆ ಕೇಳು, ನಿನ್ನ ಯೋಗಕ್ಷೇಮ ಕೊನೆಯದು. ಜೀತದಾಳಿಗೆ ಒಡೆಯ ಹಾಕುತ್ತಿದ್ದ ಕಟ್ಟಳೆಗಳಿಗೂ ಇದಕ್ಕೂ ಏನು ಅಂತರ? ಆಳು ಲೋಹದ್ದಾದ ಮೇಲೆ ಅದೇ ಕಟ್ಟಳೆ ನ್ಯಾಯವಾಗಿ ಕಾಣುತ್ತದೆ. ನ್ಯಾಯವೂ ಹೌದು, ಅದು ಯಂತ್ರವಾಗಿರುವ ತನಕ.

ಮುಖವಿಲ್ಲದ ಕೈ

ಕತೆಯಿಂದ ಕಾರ್ಖಾನೆಗೆ ಬರೋಣ. ಜಾರ್ಜ್ ಡೆವಲ್ ಎಂಬ ಅಮೆರಿಕನ್ ಸಂಶೋಧಕ 1954ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದ. ವಸ್ತುವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಇಡುವ, ಕ್ರಮವಿಧಿ ಬದಲಿಸಿದರೆ ಬೇರೆ ಕೆಲಸಕ್ಕೂ ಒಗ್ಗುವ ಸಾಧನ ಅದು. 1956ರಲ್ಲಿ ಔತಣಕೂಟವೊಂದರಲ್ಲಿ ಅವನಿಗೆ ಜೋಸೆಫ್ ಎಂಗೆಲ್‌ಬರ್ಗರ್ ಎಂಬ ಎಂಜಿನಿಯರ್ ಭೇಟಿಯಾದ. ಎಂಗೆಲ್‌ಬರ್ಗರ್ ಅಸಿಮೋವ್ ಕತೆಗಳನ್ನು ಓದಿ ಬೆಳೆದವನು. ಡೆವಲ್‌ನ ವಿವರಣೆ ಕೇಳಿದೊಡನೆ ಅವನಿಗೆ ಅದು ರೋಬಾಟ್ ಆಗಿ ಕಂಡಿತು.

ಇಬ್ಬರೂ ಸೇರಿ ರೂಪಿಸಿದ ‘ಯೂನಿಮೇಟ್’ 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿತು. ಸುಮಾರು 1,800 ಕಿಲೊಗ್ರಾಂ ತೂಕ, ಒಂದೇ ಕೈ. ತಲೆ ಇಲ್ಲ, ಮುಖ ಇಲ್ಲ, ಕಾಲೂ ಇಲ್ಲ. ಅಚ್ಚಿನಿಂದ ಹೊರಬರುವ ಕಾದ ಲೋಹದ ಎರಕವನ್ನು ಎತ್ತಿಡುವುದು ಅದರ ಕೆಲಸ. ಮನುಷ್ಯರು ಮಾಡಿದರೆ ಕೈ ಸುಡುವ, ಹೊಗೆ ಕುಡಿಯುವ ಕೆಲಸ. ಇಂದು ಜಗತ್ತಿನ ಕಾರ್ಖಾನೆಗಳಲ್ಲಿ ಅದರ ವಂಶಜರ ಸಂಖ್ಯೆ 40 ಲಕ್ಷ ದಾಟಿದೆ. ಅವುಗಳಲ್ಲಿ ಬಹುಪಾಲಿಗೆ ಮಾನವಾಕಾರವಿಲ್ಲ. ‘ಯಂತ್ರಮಾನವ’ಕ್ಕಿಂತ ‘ಯಂತ್ರಹಸ್ತ’ ಎಂದರೆ ಹೆಚ್ಚು ಸರಿಯೇನೋ.

ಜೆಕ್ ಜನ ಮಾತ್ರ ಈ ಗೊಂದಲವನ್ನು ವ್ಯಾಕರಣದಿಂದಲೇ ಬಗೆಹರಿಸಿಕೊಂಡಿದ್ದಾರೆ. ಅವರ ಭಾಷೆಯಲ್ಲಿ ಜೀವವಿರುವ ಪುಲ್ಲಿಂಗಕ್ಕೂ ಜೀವವಿಲ್ಲದ ಪುಲ್ಲಿಂಗಕ್ಕೂ ಬಹುವಚನ ಬೇರೆ. ಮನುಷ್ಯನಂತಿರುವ ರೋಬಾಟ್‌ಗಳು ‘ರೊಬೊತಿ’, ಬರಿಯ ಯಂತ್ರಗಳು ‘ರೊಬೊತಿ’ ಎಂದು ಉಚ್ಚಾರ ಹೆಚ್ಚುಕಡಿಮೆ ಒಂದೇ ಆದರೂ ಬರೆಯುವಾಗ ಕೊನೆಯ ಅಕ್ಷರ ಬದಲಾಗುತ್ತದೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ, ಹಿಟ್ಟು ಕಲಸುವ ಯಂತ್ರಕ್ಕೂ ಅಲ್ಲಿ ‘ಅಡುಗೆಮನೆ ರೋಬಾಟ್’ ಎಂದೇ ಹೆಸರು! ನಮ್ಮ ಕನ್ನಡವೂ ಇಂಥದ್ದೇ ಪ್ರಶ್ನೆ ಕೇಳುತ್ತದೆ: ಯಂತ್ರಮಾನವ ‘ಬಂದನೋ’, ‘ಬಂದಿತೋ’? ಅವನೋ, ಅದೋ? ಕ್ರಿಯಾಪದ ಹಾಕುವ ಮೊದಲು ಕನ್ನಡಿಗ ತೀರ್ಮಾನ ಮಾಡಲೇಬೇಕು.

ಸುಳ್ಳು ಹೇಳುವ ಆಳು

ಈಚೆಗೆ ಪದ ಇನ್ನೂ ಮೊಟಕಾಗಿದೆ. ‘ರೋ’ ಉದುರಿ ‘ಬಾಟ್’ ಉಳಿದಿದೆ. ಕಂಪ್ಯೂಟರಿನೊಳಗೆ ಕೂತು ಪ್ರಶ್ನೆಗೆ ಉತ್ತರ ಬರೆಯುವ, ಹರಟುವ ಬಾಟ್‌ಗೆ ರಕ್ತಮಾಂಸವೂ ಇಲ್ಲ, ಲೋಹವೂ ಇಲ್ಲ. ಅದು ಬರಿಯ ಕ್ರಮವಿಧಿ. ‘ರೋಬಾಟಿಕ್ಸ್’ ಮೊದಲು ಕಾಣಿಸಿಕೊಂಡ ಆ ‘ಲಯರ್’ ಕತೆ ಇಲ್ಲಿ ನೆನಪಾಗದೆ ಇರದು. ಲಯರ್ ಎಂದರೆ ಸುಳ್ಳುಗಾರ. ಕತೆಯ ಹರ್ಬಿ ಎಂಬ ರೋಬಾಟ್‌ಗೆ ಮನುಷ್ಯರ ಮನಸ್ಸು ಓದುವ ಶಕ್ತಿಯಿರುತ್ತದೆ. ಮನುಷ್ಯನಿಗೆ ಕೇಡು ಮಾಡಬಾರದಲ್ಲ? ಮನಸ್ಸು ನೋಯುವುದೂ ಕೇಡೇ ತಾನೆ? ಹಾಗಾಗಿ ಎದುರಿಗಿದ್ದವರು ಏನನ್ನು ಕೇಳಬಯಸುತ್ತಾರೋ ಅದನ್ನೇ ಹರ್ಬಿ ಹೇಳುತ್ತ ಹೋಗುತ್ತದೆ. ಕೊನೆಗೆ ಆ ಸುಳ್ಳುಗಳೇ ಎಲ್ಲರನ್ನೂ ಇನ್ನಷ್ಟು ನೋಯಿಸುತ್ತವೆ. ಮುಖಸ್ತುತಿ ಮಾಡುವ ಯಂತ್ರದ ಅಪಾಯವನ್ನು 21 ವರ್ಷದ ತರುಣನೊಬ್ಬ 1941ರಲ್ಲೇ ಕಂಡಿದ್ದ. ಒಡೆಯನ ಮುಖ ನೋಡಿ ಮಾತಾಡುವುದು ಆಳಿನ ಹಳೆಯ ಅಭ್ಯಾಸ. ಯಂತ್ರದ ಆಳು ಅದನ್ನು ಕಲಿತರೆ ನಷ್ಟ ಒಡೆಯನಿಗೇ.

ಯಾರ ರೊಬೊತ?

ಹಾಗಾದರೆ ಈ ಪದದಿಂದ ನಾವು ಏನನ್ನು ಉಳಿಸಿಕೊಳ್ಳಬೇಕು? ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯನ್ನು: ಯಾರ ರೊಬೊತವನ್ನು ಯಾರಿಗೆ ವರ್ಗಾಯಿಸುತ್ತಿದ್ದೇವೆ?

ತಲೆಯ ಮೇಲೆ ಮಲ ಹೊರುವ ಅನಿಷ್ಟವನ್ನು ಕರ್ನಾಟಕದಲ್ಲಿ 1970ರ ದಶಕದ ಆರಂಭದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 2013ರಲ್ಲಿ ದೇಶಕ್ಕೆಲ್ಲ ಇನ್ನೂ ಬಿಗಿಯಾದ ಕಾನೂನು ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದವರು ವಿಷಗಾಳಿಯಿಂದ ಸತ್ತ ಸುದ್ದಿ ನಿಂತಿಲ್ಲ. ಕೇರಳದ ತರುಣ ಎಂಜಿನಿಯರುಗಳು ಒಳಚರಂಡಿಗೆ ಇಳಿದು ಹೂಳು ಎತ್ತುವ ‘ಬ್ಯಾಂಡಿಕೂಟ್’ ಎಂಬ ರೋಬಾಟ್ ಮಾಡಿದರು. 2018ರಲ್ಲಿ ತಿರುವನಂತಪುರದಲ್ಲಿ ಅದು ಬಳಕೆಗೆ ಬಂತು. ಯೂನಿಮೇಟ್ ಕಾದ ಲೋಹಕ್ಕೆ ಕೈಯೊಡ್ಡಿದ ಹಾಗೆಯೇ ಇದು ಮನುಷ್ಯ ಇಳಿಯಬಾರದ ಗುಂಡಿಗೆ ಇಳಿಯುತ್ತದೆ. ರೊಬೊತ ಎಂಬ ಪದಕ್ಕೆ ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಬೇಕೆ? ಆದರೆ ಗುಂಡಿಯಿಂದ ಮೇಲೆ ಬಂದವನಿಗೆ ಬೇರೆ ಅನ್ನದ ದಾರಿ ತೋರಿಸದಿದ್ದರೆ ಕತೆ ಮತ್ತೆ ಚಾಪೆಕ್‌ನ ದ್ವೀಪಕ್ಕೇ ಹೋಗಿ ನಿಲ್ಲುತ್ತದೆ. ಕೆಲಸ ಕಳೆದುಕೊಂಡವರ ಸಿಟ್ಟನ್ನು ಅಲ್ಲಿ ಆಯುಧದಿಂದ ಉತ್ತರಿಸಿದ್ದರು. ನಾಟಕ ಕೆಟ್ಟದ್ದೇ ಅಲ್ಲಿಂದ.

ಹೆಸರುಗಳ ಮಟ್ಟಿಗೆ ನಮ್ಮವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆ ಅರ್ಧ ಮೈಯ ಸ್ತ್ರೀರೂಪದ ರೋಬಾಟ್ ಒಂದನ್ನು ಪ್ರದರ್ಶಿಸಿತು. ಗಗನಯಾತ್ರಿಗಳು ಹೋಗುವ ಮೊದಲು ಆ ದಾರಿಯ ಅಪಾಯಗಳನ್ನು ತಾನು ಅನುಭವಿಸಿ ತಿಳಿಸಲೆಂದು ರೂಪಿಸಿದ್ದು ಅದನ್ನು. ಹೆಸರು ‘ವ್ಯೋಮಮಿತ್ರ’, ಆಕಾಶದ ಗೆಳತಿ ಎನ್ನಿ, ಗೆಳೆಯ ಎನ್ನಿ. 2023ರ ಆಗಸ್ಟಿನಲ್ಲಿ ಚಂದ್ರನ ನೆಲದ ಮೇಲೆ ಉರುಳಿದ ಆರು ಚಕ್ರದ ರೋಬಾಟಿಗೆ ‘ಪ್ರಜ್ಞಾನ’ ಎಂಬ ಹೆಸರು. ಚಾಪೆಕ್‌ನ ನಾಟಕದಲ್ಲಿ ಬುದ್ಧಿ ಎಂಬ ಹೆಸರು ಒಡೆಯನದಾಗಿತ್ತು, ಬಿಟ್ಟಿ ಎಂಬುದು ಆಳಿನದು. ಇಲ್ಲಿ ಅರಿವಿನ ಹೆಸರು ಆಳಿಗೇ ಬಂದಿದೆ.

ಇನ್ನೊಂದು ಮಾತು. ಸಂಸ್ಕೃತದಲ್ಲಿ ಗೆಳೆಯ ಎಂಬ ಅರ್ಥದ ‘ಮಿತ್ರಂ’ ಶಬ್ದ ನಪುಂಸಕಲಿಂಗ. ಅವನೂ ಅಲ್ಲ, ಅವಳೂ ಅಲ್ಲ, ಆದರೂ ಗೆಳೆಯ. ರಕ್ತಮಾಂಸದಿಂದ ತಗಡಿಗೆ, ತಗಡಿನಿಂದ ಬರಿಯ ಕ್ರಮವಿಧಿಗೆ ಉಡುಪು ಬದಲಿಸುತ್ತ ಬಂದಿರುವ ಈ ಬಿಟ್ಟಿ ಆಳಿಗೆ ಒಪ್ಪುವ ಲಿಂಗವೂ ಸಂಬಂಧವೂ ಅದೇ ಇರಬಹುದು. ಗೆಳೆತನ ನಮಗೆ ಬರುತ್ತದೆಯೇ ಎಂಬುದನ್ನು ಮಾತ್ರ ಯಂತ್ರದ ಮೇಲೆ ಪರೀಕ್ಷಿಸಬೇಕಾಗಿಲ್ಲ. ನಮಗಾಗಿ ಇಂದಿಗೂ ಬೆನ್ನು ಬಾಗಿಸಿ ದುಡಿಯುತ್ತಿರುವ ಮನುಷ್ಯರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರಲ್ಲೇ ಅದಕ್ಕೆ ಉತ್ತರವಿದೆ.